ಓಡುವ ಮಗಳ ಊಟದ ಡಬ್ಬಿ

ಪ್ರಶ್ನೆ: ನನ್ನ ಮಗಳಿಗೆ ಹದಿನಾರು ತುಂಬಿದೆ. 800 ಮತ್ತು 1500 ಮೀಟರ್ ಓಡುತ್ತಾಳೆ. ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಹೈಸ್ಕೂಲಿನಲ್ಲಿದ್ದಳು, ಮಧ್ಯಾಹ್ನದ ಊಟದ ಚಿಂತೆ ನನಗಿರಲಿಲ್ಲ. ಬಿಸಿಯೂಟ, ಹಾಲು, ಮೊಟ್ಟೆ ಅಲ್ಲೇ ಸಿಗುತ್ತಿತ್ತು. ಈ ವರ್ಷ ಹಾಸನದಲ್ಲಿ ಪಿಯುಸಿಗೆ ಸೇರಿದ್ದಾಳೆ. ಬೆಳಿಗ್ಗೆ ಆರರಿಂದ ಏಳೂಕಾಲರವರೆಗೆ ಪ್ರಾಕ್ಟೀಸ್, ಒಂಬತ್ತೂವರೆಗೆ ಕಾಲೇಜು, ಸಂಜೆ ನಾಲ್ಕೂವರೆಯಿಂದ ಮತ್ತೆ ಪ್ರಾಕ್ಟೀಸ್. ನಾನು ಗಾರ್ಮೆಂಟ್ಸ್‌ಗೆ ಹೋಗುವವಳು, ಏಳೂವರೆಗೆ ಮನೆ ಬಿಡಬೇಕು. ಚಿತ್ರಾನ್ನವೋ ಪುಳಿಯೋಗರೆಯೋ ಮಾಡಿ ದೊಡ್ಡ ಡಬ್ಬಿಗೆ ತುಂಬಿಸಿಡುತ್ತೇನೆ. ಅರ್ಧ ವಾಪಸ್ ಬರುತ್ತದೆ. ಕೇಳಿದರೆ "ಎಲ್ಲರೂ ಪುಟ್ಟ ಡಬ್ಬಿ ತರ್ತಾರೆ, ನನ್ನದೊಂದೇ ಇಷ್ಟು ದೊಡ್ಡದು" ಅನ್ನುತ್ತಾಳೆ. ಜಾಸ್ತಿ ತಿಂದರೆ ಸಂಜೆ ಓಡಲಿಕ್ಕೆ ಆಗಲ್ಲ ಅಂತಲೂ ಹೇಳುತ್ತಾಳೆ. ಕೊನೇ ಸುತ್ತಿನಲ್ಲಿ ಕಾಲು ಸೋಲುತ್ತದಂತೆ. ಕೋಚ್ ಮೂರು ಸಾವಿರ ರೂಪಾಯಿಯ ಪ್ರೊಟೀನ್ ಪೌಡರ್ ತರಲು ಹೇಳಿದ್ದಾರೆ. ಸಾಲ ಮಾಡಿಯಾದರೂ ತರಬೇಕೇ? ಏನು ಕಟ್ಟಿಕೊಟ್ಟರೆ ಅವಳಿಗೆ ಶಕ್ತಿ ಬರುತ್ತದೆ? ಇನ್ನೊಂದು ವಿಷಯ, ಮೂರು ತಿಂಗಳಿಂದ ಅವಳು ಮುಟ್ಟಾಗಿಲ್ಲ. ಓಡುವ ಹುಡುಗಿಯರಿಗೆ ಹಾಗೆ ಆಗುತ್ತದೆ ಎಂದು ಅವಳ ಜೊತೆಯವರು ಹೇಳಿದ್ದಾರಂತೆ.
— ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ಪತ್ರದ ಕೊನೆಗೆ ಸೇರಿಸಿದ ಆ ಎರಡು ಸಾಲನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ, ಡಬ್ಬಿಯ ಮಾತು ಆಮೇಲೆ. ಓಡುವ ಹುಡುಗಿಯರಿಗೆ ಮುಟ್ಟು ನಿಲ್ಲುವುದು ಸಹಜ ಎಂಬ ಮಾತು ಮೈದಾನಗಳಲ್ಲಿ ಓಡಾಡುತ್ತಲೇ ಇರುತ್ತದೆ, ಅದು ತಪ್ಪು. ಕ್ರಮವಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ಬಾರದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಅವರು ಥೈರಾಯ್ಡ್, ಅಂಡಾಶಯದ ತೊಂದರೆ, ಗರ್ಭ ಎಲ್ಲವನ್ನೂ ಕೇಳುತ್ತಾರೆ, ಪರೀಕ್ಷಿಸುತ್ತಾರೆ. ಅದು ಅವರ ಪದ್ಧತಿ, ಮಗಳ ಮೇಲಿನ ಅನುಮಾನ ಎಂದು ನೀವಾಗಲಿ ಅವಳಾಗಲಿ ನೊಂದುಕೊಳ್ಳಬೇಡಿ. ದಿನಕ್ಕೆ ಎರಡು ಹೊತ್ತು ಓಡುವ, ಅರ್ಧ ಡಬ್ಬಿ ವಾಪಸ್ ತರುವ ಹುಡುಗಿಯಲ್ಲಿ ನನಗೆ ಮೊದಲು ಕಾಣುವ ಕಾರಣ, ಖರ್ಚಾಗುವಷ್ಟು ಶಕ್ತಿ ಒಳಗೆ ಹೋಗುತ್ತಿಲ್ಲ ಎಂಬುದು. ತಿಂಗಳ ಕೊನೆಗೆ ಕೈ ಬರಿದಾದಾಗ ನೀವು ಮನೆಯಲ್ಲಿ ಯಾವ ಖರ್ಚನ್ನು ಮುಂದೂಡಬಹುದು ಎಂದು ನೋಡುತ್ತೀರಲ್ಲ, ದೇಹವೂ ಹಾಗೇ ಮಾಡುತ್ತದೆ. ಹೃದಯ ಬಡಿಯಬೇಕು, ಉಸಿರಾಡಬೇಕು, ಅವನ್ನು ನಿಲ್ಲಿಸುವಂತಿಲ್ಲ. ಹಾಗಾಗಿ ಮುಟ್ಟನ್ನು ಮುಂದೂಡುತ್ತದೆ, ಮೂಳೆ ಕಟ್ಟುವ ಕೆಲಸವನ್ನು ನಿಧಾನ ಮಾಡುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ 'ರೆಡ್-ಎಸ್' ಎಂದು ಹೆಸರಿಟ್ಟಿತು, 2023ರಲ್ಲಿ ಆ ತಿಳಿವಳಿಕೆಯನ್ನು ಮತ್ತೊಮ್ಮೆ ಪರಿಷ್ಕರಿಸಿತು. ಗಂಡುಮಕ್ಕಳಿಗೂ ಇದು ಆಗುತ್ತದೆ, ಅವರಲ್ಲಿ ಮುಟ್ಟಿನಂಥ ಎದ್ದು ಕಾಣುವ ಗುರುತಿಲ್ಲ ಅಷ್ಟೆ. ಮೊಣಕಾಲಿನ ಕೆಳಗೆ ಮೂಳೆ ಮುಟ್ಟಿದರೆ ನೋವು ಎನ್ನುತ್ತಾಳೆಯೇ ಕೇಳಿ ನೋಡಿ. ಹೌದೆಂದರೆ ಅದನ್ನೂ ವೈದ್ಯರಿಗೆ ಹೇಳಿ, ಅಲ್ಲಿಯವರೆಗೆ ಓಟ ಬೇಡ.

ಆಸ್ಪತ್ರೆಗೆ ಹೋದಾಗ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಬಂದರೆ ಈ ವಯಸ್ಸಿನ ಹುಡುಗಿಯಲ್ಲಿ ಅದು ರಕ್ತಹೀನತೆ. 12ರ ಮೇಲಿದ್ದರೂ ಫೆರಿಟಿನ್, ಅಂದರೆ ದೇಹದೊಳಗಿನ ಕಬ್ಬಿಣದ ದಾಸ್ತಾನು, ತಳ ಕಂಡಿರಬಹುದು. ಕೊನೇ ಸುತ್ತಿನಲ್ಲಿ ಕಾಲು ಸೋಲುವುದಕ್ಕೆ ಅದೂ ಒಂದು ಕಾರಣ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯಲ್ಲಿ (2019–21) 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡಿದೆ. ಇದು ನಿಮ್ಮ ಅಡುಗೆಮನೆಯೊಂದರ ಕೊರತೆ ಅಂದುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನಲ್ಲಿ ವಿಚಾರಿಸಿ. ಸರ್ಕಾರಿ, ಅನುದಾನಿತ ಶಾಲೆ-ಕಾಲೇಜುಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಕಾರ್ಯಕ್ರಮ 2013ರಿಂದ ಇದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಹೈಸ್ಕೂಲಿನಲ್ಲಿ ನುಂಗುತ್ತಿದ್ದಳೋ, ಪಿಯುಸಿಗೆ ಬಂದ ಮೇಲೆ ಬಿಟ್ಟಳೋ ಕೇಳಿ.

ಇನ್ನು ಊಟಕ್ಕೆ ಬರೋಣ. ಶಾಲೆಯ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಹತ್ತನೇ ತರಗತಿಗೆ ನಿಲ್ಲುತ್ತದೆ. ಆ ಒಂದು ಮೊಟ್ಟೆ, ಒಂದು ಲೋಟ ಹಾಲಿನಲ್ಲೇ ಸುಮಾರು 11 ಗ್ರಾಂ ಪ್ರೊಟೀನ್ ಇತ್ತು, ಬಿಸಿ ಅನ್ನ-ಸಾಂಬಾರು ಬೇರೆ. ಅದು ನಿಂತ ವರ್ಷವೇ ಅವಳ ಪ್ರಾಕ್ಟೀಸ್ ಎರಡು ಹೊತ್ತಾಗಿದೆ. ಇದನ್ನು ನೀವು ಗಮನಿಸಿ ಬರೆದದ್ದೇ ದೊಡ್ಡದು.

ಹದಿನಾರರಿಂದ ಹದಿನೆಂಟರ ಹುಡುಗಿಗೆ ದಿನಕ್ಕೆ 2,500 ಕ್ಯಾಲರಿ ಬೇಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ ಹೇಳುತ್ತದೆ. ಅದು ಸಾಧಾರಣ ಓಡಾಟದವರಿಗೆ. ಒಂದು ಕಿಲೋಮೀಟರ್ ಓಡಿದರೆ ಮೈತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲರಿ ಖರ್ಚು. ನಿಮ್ಮ ಮಗಳ ತೂಕ 46 ಕಿಲೋ ಎಂದಿಟ್ಟುಕೊಂಡರೆ, ಎರಡು ಹೊತ್ತು ಸೇರಿ ಹತ್ತು ಕಿಲೋಮೀಟರ್ ಓಡಿದ ದಿನ ಅದರ ಜೊತೆಗೆ ಇನ್ನೂ 450ರ ಮೇಲೆ ಬೇಕು. ನೀವು ತುಂಬಿಸುವ ಚಿತ್ರಾನ್ನದಲ್ಲಿ ಅವಳ ಹೊಟ್ಟೆ ಸೇರುವ ಅರ್ಧ ಡಬ್ಬಿಯನ್ನು ಲೆಕ್ಕ ಹಾಕಿದರೆ 300 ಕ್ಯಾಲರಿ ಸಿಕ್ಕರೆ ಹೆಚ್ಚು, ಪ್ರೊಟೀನ್ ಐದಾರು ಗ್ರಾಂ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗಿನ ಹನ್ನೊಂದು ಗಂಟೆಗೆ ಅಷ್ಟೇ ಆಹಾರ, ಅದರ ನಡುವೆ ಒಂದು ಕಠಿಣ ಪ್ರಾಕ್ಟೀಸ್.

ಆದರೆ ಇನ್ನೂ ದೊಡ್ಡ ಡಬ್ಬಿ ತಂದರೆ ಅದು ಇನ್ನೂ ತುಂಬಿಯೇ ವಾಪಸ್ ಬರುತ್ತದೆ. ನನ್ನ ಸಲಹೆ ಇಷ್ಟೇ: ಆ ದೊಡ್ಡ ಡಬ್ಬಿಯನ್ನು ಒಡೆದು ಮೂರು ಮಾಡಿ. ಹನ್ನೊಂದೂಕಾಲರ ಬಿಡುವಿಗೆ ಅಂಗೈಯಗಲದ ಒಂದು ಕರಡಿಗೆ, ಮಧ್ಯಾಹ್ನಕ್ಕೆ ಎಲ್ಲರಂಥದ್ದೇ ಸಾಮಾನ್ಯ ಅಳತೆಯ ಡಬ್ಬಿ, ಸಂಜೆಗೆ ಒಂದು ಪೊಟ್ಟಣ. ಗೆಳತಿಯರ ಮುಂದೆ ದೊಡ್ಡ ಡಬ್ಬಿ ಬಿಚ್ಚುವ ಸಂಕೋಚ ಇದರಿಂದ ತಾನಾಗಿ ಹೋಗುತ್ತದೆ. ಆ ಸಂಕೋಚವನ್ನು ಸಣ್ಣದೆಂದು ಎಣಿಸಬೇಡಿ. ಹುಡುಗಿಯರು ಕಡಿಮೆ ತಿನ್ನುವುದೇ ಚೆಂದ ಎಂಬ ನೋಟವನ್ನು ನಾವೇ ಮದುವೆಮನೆಗಳಲ್ಲಿ, ನೆಂಟರಿಷ್ಟರ ಮಾತಿನಲ್ಲಿ ಮಕ್ಕಳ ತಲೆಗೆ ತುಂಬಿದ್ದೇವೆ. ಹದಿನಾರರಲ್ಲಿ ಅದನ್ನು ಮೀರಿ ಕೂತು ತಿನ್ನುವುದು ಸುಲಭವಲ್ಲ.

ಹನ್ನೊಂದೂಕಾಲರ ಕರಡಿಗೆಗೆ ಒಂದು ಹಿಡಿ ಹುರಿದ ಕಡಲೆಬೀಜ, ಒಂದು ಹಿಡಿ ಹುರಿಗಡಲೆ, ನೆಲ್ಲಿಕಾಯಿ ಗಾತ್ರದ ಬೆಲ್ಲದ ಉಂಡೆ ಹಾಕಿ. ಇಷ್ಟರಲ್ಲೇ ಹತ್ತಿರ ಹತ್ತಿರ 280 ಕ್ಯಾಲರಿ, 11 ಗ್ರಾಂ ಪ್ರೊಟೀನ್ ಇದೆ. ಬೆಳಿಗ್ಗೆ ಒಲೆ ಹಚ್ಚುವ ಕೆಲಸವೇ ಇಲ್ಲ, ಭಾನುವಾರ ಒಂದು ಡಬ್ಬ ಹುರಿದಿಟ್ಟರೆ ವಾರಕ್ಕಾಯಿತು. ಬೇಸರ ಬಂದರೆ ಎಳ್ಳುಂಡೆ ಮಾಡಿ, ಇಲ್ಲವೇ ಹುರಿಗಡಲೆ ಹಿಟ್ಟಿಗೆ ಬೆಲ್ಲ, ಕೊಬ್ಬರಿ, ಎರಡು ಚಮಚ ತುಪ್ಪ ಹಾಕಿ ತಂಬಿಟ್ಟು ಕಟ್ಟಿ. ತಂಬಿಟ್ಟು ಹಬ್ಬಕ್ಕೇ ಆಗಬೇಕೆಂದಿಲ್ಲ. ಓಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಎನರ್ಜಿ ಬಾರ್ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಮಧ್ಯಾಹ್ನದ ಡಬ್ಬಿಯ ಗಾತ್ರ ಹೆಚ್ಚಿಸದೆ ಒಳಗಿನ ಸತ್ವ ಹೆಚ್ಚಿಸಬೇಕು. ಚಿತ್ರಾನ್ನವೇ ಇರಲಿ, ಒಗ್ಗರಣೆಗೆ ಈಗ ಹಾಕುವ ಹತ್ತು ಕಡಲೆಬೀಜದ ಬದಲು ಒಂದು ಹಿಡಿ ಹಾಕಿ. ಕಡಲೆಬೇಳೆ, ಉದ್ದಿನಬೇಳೆ ಧಾರಾಳವಾಗಿ ಬೀಳಲಿ. ಪಕ್ಕಕ್ಕೆ ಒಂದು ಬೇಯಿಸಿದ ಮೊಟ್ಟೆ, ಸಿಪ್ಪೆಯೊಂದಿಗೇ ಇಡಿ, ತಿನ್ನುವಾಗ ಸುಲಿದುಕೊಳ್ಳಲಿ. ಮೊಟ್ಟೆ ತಿನ್ನದ ದಿನ ಹೆಸರುಕಾಳು, ಅಲಸಂದೆ, ಹುರುಳಿ ಯಾವುದಾದರೊಂದರ ಉಸ್ಲಿ. ರಾತ್ರಿ ಸಾರಿಗೆ ಕಾಳು ಬೇಯಿಸುವಾಗ ಒಂದು ಬಟ್ಟಲು ಹೆಚ್ಚಿಗೆ ಬೇಯಿಸಿ ತೆಗೆದು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಒಗ್ಗರಣೆ ಮಾತ್ರ ಬಾಕಿ. ಉಸ್ಲಿಗೆ ನಿಂಬೆಹಣ್ಣು ಹಿಂಡುವುದನ್ನು ಮರೆಯಬೇಡಿ. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಸುಲಭಕ್ಕೆ ಮೈಗೆ ಹತ್ತುವುದಿಲ್ಲ, ಅದೇ ಊಟದಲ್ಲಿ ನಿಂಬೆಯೋ ಸೀಬೆಹಣ್ಣೋ ಇದ್ದರೆ ಹೆಚ್ಚು ಹತ್ತುತ್ತದೆ. ಊಟದ ಹಿಂದೆಯೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ರೂಢಿಯಿದ್ದರೆ ಒಂದು ಗಂಟೆ ತಡ ಮಾಡಲು ಹೇಳಿ, ಚಹಾ ಆ ಕಬ್ಬಿಣವನ್ನು ತಡೆಯುತ್ತದೆ.

ಊಟದ ಬಿಡುವು ಸಾಮಾನ್ಯವಾಗಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಇರುತ್ತದೆ. ಕೈ ತೊಳೆಯಲು ನಲ್ಲಿಯ ಮುಂದೆ ಸಾಲು, ಜಾಗ ಹುಡುಕಬೇಕು, ಮಾತಾಡಬೇಕು. ಉಣ್ಣಲು ಉಳಿಯುವುದು ಹದಿನೈದು ನಿಮಿಷ. ಅದಕ್ಕೇ ವಾರಕ್ಕೆರಡು ದಿನ ಸುತ್ತಿಕೊಟ್ಟ ಊಟ ಕಳಿಸಿ: ಚಪಾತಿಗೆ ಕಡಲೆಬೀಜದ ಚಟ್ನಿಪುಡಿಯನ್ನು ತುಪ್ಪದಲ್ಲಿ ಕಲಸಿ ಸವರಿ, ಮೇಲೆ ಮೊಟ್ಟೆ ಪಲ್ಯವೋ ಪನೀರೋ ಗಟ್ಟಿ ಆಲೂಗಡ್ಡೆ ಪಲ್ಯವೋ ಹರಡಿ ಬಿಗಿಯಾಗಿ ಸುರುಳಿ ಸುತ್ತಿ. ಅಕ್ಕಿರೊಟ್ಟಿ ಮಧ್ಯಾಹ್ನಕ್ಕೆ ಹಲಗೆಯಾಗುತ್ತದೆ ಎಂಬ ಭಯವಿದ್ದರೆ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಬೇಯಿಸಿದ ಒಂದು ಆಲೂಗಡ್ಡೆ ಮಸೆದು ಸೇರಿಸಿ. ನಿಮ್ಮ ಜಿಲ್ಲೆಯಲ್ಲಿ ಆಲೂಗಡ್ಡೆಗೇನು ಬರ. ನುಗ್ಗೆಸೊಪ್ಪು, ಈರುಳ್ಳಿ, ಕಾಲದಲ್ಲಿ ಅವರೆಕಾಳು ಬೀಳಲಿ. ತವೆಯಿಂದ ಇಳಿಸಿದ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಹಬೆ ಬಟ್ಟೆಗೆ ಹೋಗುತ್ತದೆ, ರೊಟ್ಟಿ ಮೆತ್ತಗೆ ಉಳಿಯುತ್ತದೆ.

ಚಿತ್ರಾನ್ನದ ವಿಷಯದಲ್ಲಿ ಒಂದು ಎಚ್ಚರಿಕೆ. ರಾತ್ರಿ ಉಳಿದ ಅನ್ನವನ್ನು ಹೊರಗೇ ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಆಗಲೇ ತಿನ್ನುವವರಿಗೆ ಎಷ್ಟೋ ಸಲ ಏನೂ ಆಗದಿರಬಹುದು, ಆದರೆ ಮತ್ತೆ ಐದಾರು ಗಂಟೆ ಡಬ್ಬಿಯಲ್ಲಿ ಕೂರುವ ಅನ್ನಕ್ಕೆ ಅದು ಸಲ್ಲದು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದೋ ಬೆಳಿಗ್ಗೆಯೇ ಅನ್ನ ಮಾಡಿ, ಇಲ್ಲವೇ ರಾತ್ರಿ ಅನ್ನ ಆದ ಒಂದೆರಡು ಗಂಟೆಯೊಳಗೆ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ. ಮೊಸರನ್ನಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸರಿ: ಬಿಸಿ ಅನ್ನ ಮಸೆದು ಹಾಲು ಹಾಕಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಕಲಸಿ ಕಳಿಸಿದರೆ ಮಧ್ಯಾಹ್ನಕ್ಕೆ ಹುಳಿಯಿಲ್ಲದೆ ಹೆಪ್ಪಾಗಿರುತ್ತದೆ. ಹಸಿ ಕಾಯಿಚಟ್ನಿ ಬೇಸಗೆಯಲ್ಲಿ ಬೇಡ, ಹುಚ್ಚೆಳ್ಳಿನ ಪುಡಿಯೋ ಕಡಲೆಬೀಜದ ಪುಡಿಯೋ ಸಾಕು.

ಜಾಸ್ತಿ ತಿಂದರೆ ಸಂಜೆ ಓಡಲಾಗುವುದಿಲ್ಲ ಎಂಬ ಅವಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಓಟಕ್ಕೆ ಒಂದು ಗಂಟೆ ಮುಂಚೆ ಹೊಟ್ಟೆ ತುಂಬ ತಿಂದರೆ ಯಾರಿಗೂ ಓಡಲಾಗದು. ಆದರೆ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿನಲ್ಲಿ ಉಂಡು ನಾಲ್ಕೂವರೆಗೆ ಮೈದಾನಕ್ಕಿಳಿದರೆ ಮೂರೂವರೆ ಗಂಟೆಯ ಅಂತರ ಸಿಗುತ್ತದೆ, ಒಂದು ಪೂರ್ಣ ಊಟ ಕರಗಲು ಅಷ್ಟು ಸಾಕು. ಅವಳು ಮಧ್ಯಾಹ್ನ ಕಡಿಮೆ ತಿಂದು, ಹಸಿವಾಗಿ, ನಾಲ್ಕು ಗಂಟೆಗೆ ಗೇಟಿನ ಬಳಿ ಬಜ್ಜಿಯೋ ಪಫ್ಸೋ ತಿನ್ನುತ್ತಿದ್ದಾಳೆಯೇ ಎಂದು ಬೈಯದೆ ವಿಚಾರಿಸಿ. ಎಣ್ಣೆಯದು ಹೊಟ್ಟೆಯಲ್ಲಿ ತುಂಬ ಹೊತ್ತು ಕೂರುತ್ತದೆ, ಭಾರ ಅನಿಸುವುದು ಅದರಿಂದಲೇ ಇರಬಹುದು.

ಹಾಗಾಗಿ ಸಂಜೆಯ ಪೊಟ್ಟಣದಲ್ಲಿ ಎರಡು ಪಾಲು ಮಾಡಿ. ನಾಲ್ಕಕ್ಕೆ ಕಾಲೇಜು ಬಿಟ್ಟ ಕೂಡಲೇ ಒಂದು ಬಾಳೆಹಣ್ಣು, ಜೊತೆಗೆ ಎರಡು ಖರ್ಜೂರವೋ ಒಂದು ತುಂಡು ಬೆಲ್ಲವೋ. ಇದು ಬೇಗ ಕರಗಿ ರಕ್ತಕ್ಕೆ ಸೇರುತ್ತದೆ, ಕೊನೇ ಸುತ್ತಿಗೆ ಕಾಲು ಉಳಿಯುತ್ತದೆ. ಈ ಹೊತ್ತಿಗೆ ಕಡಲೆಬೀಜ, ಮೊಟ್ಟೆ, ಕಾಳು ಬೇಡ. ಅವೆಲ್ಲ ಓಟ ಮುಗಿದ ಮೇಲೆ: ಬೂಟು ಬಿಚ್ಚುವಾಗಲೇ ಕಡಲೆಬೀಜದ ಮಿಠಾಯಿಯೋ ಒಂದು ತಂಬಿಟ್ಟೋ ಬಾಯಿಗೆ ಹೋಗಲಿ, ಮನೆಗೆ ಬಂದ ಕೂಡಲೇ ಒಂದು ದೊಡ್ಡ ಲೋಟ ಹಾಲು. ಓಟದ ಬಳಿಕ ಸ್ನಾಯು ರಿಪೇರಿಯಾಗಲು, ಖಾಲಿಯಾದ ಶಕ್ತಿ ತುಂಬಲು ಆಗ ತಿಂದದ್ದು ಚೆನ್ನಾಗಿ ಒದಗುತ್ತದೆ. ಬೆವರು ಸುರಿದ ದಿನ ಉಪ್ಪು ಹಾಕಿದ ನಿಂಬೆ ಪಾನಕವೋ ಮಜ್ಜಿಗೆಯೋ ಇರಲಿ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಓಡುವುದನ್ನೂ ಬಿಡಿಸಿ, ಅರ್ಧ ಬಾಳೆಹಣ್ಣಾದರೂ ತಿಂದು ಹೋಗಲಿ. ಏಳೂವರೆಗೆ ನೀವು ಹೊರಡುವ ಹೊತ್ತಿಗೆ ಅವಳು ಇನ್ನೇನು ಮನೆಗೆ ಬರುತ್ತಿರುತ್ತಾಳೆ, ಆ ಹೊತ್ತಿನ ತಿಂಡಿ ತಪ್ಪಿದರೆ ಮೂರು ಡಬ್ಬಿಯೂ ಆ ಕೊರತೆ ತುಂಬಲಾರವು. ಮುಚ್ಚಿಟ್ಟು ಹೋಗಿ, ತಿಂದಳೋ ಇಲ್ಲವೋ ಎಂದು ಒಂದು ಫೋನ್ ಮಾಡಿ.

ಪೌಡರಿಗೆ ಸಾಲ ಮಾಡಬೇಡಿ. ಓಟದಂಥ ಕ್ರೀಡೆಯಲ್ಲಿರುವವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.6 ಗ್ರಾಂ ಪ್ರೊಟೀನ್ ಸಾಕು. 46 ಕಿಲೋಗೆ ಅದು ಸುಮಾರು 55ರಿಂದ 74 ಗ್ರಾಂ. ನಿಮ್ಮ ಮನೆಯಲ್ಲೇ ಲೆಕ್ಕ ಹಾಕೋಣ. ಅರ್ಧ ಲೀಟರ್ ಹಾಲು-ಮೊಸರಿನಲ್ಲಿ 16, ಎರಡು ಮೊಟ್ಟೆಯಲ್ಲಿ 12, ದಿನದ ಅಕ್ಕಿ, ರಾಗಿ, ಗೋಧಿ ಸೇರಿ 350 ಗ್ರಾಂ ಆದರೆ ಅದರಲ್ಲಿ 25ರಷ್ಟು, 60 ಗ್ರಾಂ ಬೇಳೆಕಾಳಿನಲ್ಲಿ 13, ಒಂದು ಹಿಡಿ ಕಡಲೆಬೀಜದಲ್ಲಿ 6. ಎಪ್ಪತ್ತು ದಾಟಿತು. ಕೋಚ್ ಕೆಟ್ಟ ಉದ್ದೇಶದಿಂದ ಹೇಳಿರಲಾರರು, ಹುಡುಗಿ ಸೋಲುತ್ತಿರುವುದು ಅವರ ಕಣ್ಣಿಗೂ ಬಿದ್ದಿದೆ. ಆದರೆ ಅವಳಿಗೆ ಮೊದಲು ಬೇಕಾದದ್ದು ಕ್ಯಾಲರಿ. ಅನ್ನ, ಮುದ್ದೆ, ಬೆಲ್ಲ, ತುಪ್ಪ ಸಾಲದಿದ್ದಾಗ ದೇಹ ದುಬಾರಿ ಪ್ರೊಟೀನನ್ನೂ ಉರುವಲಾಗಿ ಸುಟ್ಟುಬಿಡುತ್ತದೆ. ಅಲ್ಲದೆ ಅಂಗಡಿಯ ಡಬ್ಬದಲ್ಲಿ ಲೇಬಲ್ಲಿನಲ್ಲಿ ಬರೆಯದ ನಿಷೇಧಿತ ಪದಾರ್ಥ ಬೆರೆತಿರುವ ಪ್ರಕರಣಗಳಿವೆ. ಮುಂದೆ ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುವ ಮಗುವಿಗೆ ಡೋಪಿಂಗ್ ಪರೀಕ್ಷೆಯ ಅಪಾಯ ಯಾಕೆ? ಆ ಮೂರು ಸಾವಿರದಲ್ಲಿ ಹಾಲು, ಮೊಟ್ಟೆ, ಕಡಲೆಬೀಜ ಎಷ್ಟು ದಿನಕ್ಕೆ ಬರುತ್ತದೆ ಎಂದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು.

ರಾತ್ರಿಯ ಮುದ್ದೆಯನ್ನು ಯಾವ ಕಾರಣಕ್ಕೂ ಬಿಡಿಸಬೇಡಿ. ಮೂಳೆ ಗಟ್ಟಿಯಾಗುವ ಬಹುಪಾಲು ಕೆಲಸ ನಡೆಯುವುದು ಈ ವಯಸ್ಸಿನಲ್ಲಿ. ದಿನಕ್ಕೆ 1,050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ 350ರ ಮೇಲಿದೆ, ಅರ್ಧ ಲೀಟರ್ ಹಾಲಿನಲ್ಲಿ 600ರ ಆಸುಪಾಸು. ಉಳಿದದ್ದನ್ನು ಎಳ್ಳು, ಸೊಪ್ಪು ತುಂಬಿಕೊಡುತ್ತವೆ.

ಇದನ್ನೆಲ್ಲ ಒಂದೇ ದಿನ ಮಗಳ ಮೇಲೆ ಹೇರಬೇಡಿ. "ತಿನ್ನು, ಸಣಕಲಾಗಿದ್ದೀಯ" ಎಂಬ ಮಾತಂತೂ ಬೇಡವೇ ಬೇಡ. ತೂಕದ ಮಾತು ಅವಳ ತಲೆಯಲ್ಲಿ ಮೊದಲೇ ಇದ್ದೀತು: ಓಡುವವರು ತೆಳ್ಳಗಿದ್ದಷ್ಟೂ ವೇಗ ಹೆಚ್ಚು ಎಂದು ಯಾರೋ ಹೇಳಿರುತ್ತಾರೆ. ಅವಳಿಗೆ ಅರ್ಥವಾಗುವ ಭಾಷೆ ಸ್ಟಾಪ್‌ವಾಚಿನದು. ಭಾನುವಾರ ಕಡಲೆಬೀಜ ಹುರಿಯುವಾಗ ಪಕ್ಕಕ್ಕೆ ಕೂರಿಸಿಕೊಳ್ಳಿ. ಹನ್ನೊಂದಕ್ಕೆ ಏನು ಬೇಕು, ನಾಲ್ಕಕ್ಕೆ ಏನು ಬೇಕು, ಡಬ್ಬಿಯ ಆಕಾರ ಯಾವುದಿದ್ದರೆ ಸರಿ, ಅವಳೇ ಹೇಳಲಿ. ಎರಡು ವಾರ ಹೀಗೆ ತಿಂದು ಕೊನೇ ಸುತ್ತು ಹೇಗಿದೆ ಎಂದು ಅವಳೇ ನೋಡಿ ಹೇಳಲಿ. ಆದರೆ ಊಟ ಕಂಡರೆ ಹೆದರುತ್ತಾಳೆ, ತಿಂದ ಮೇಲೆ ಬಾತ್‌ರೂಮಿಗೆ ಹೋಗಿ ಕಕ್ಕುತ್ತಾಳೆ, ತಿಂದದ್ದಕ್ಕೆ ಶಿಕ್ಷೆಯೆಂಬಂತೆ ಹೆಚ್ಚು ಓಡುತ್ತಾಳೆ ಎಂದು ಕಂಡರೆ ಅದು ಡಬ್ಬಿಯಿಂದ ಬಗೆಹರಿಯುವ ವಿಷಯವಲ್ಲ. ತಡ ಮಾಡದೆ ವೈದ್ಯರಿಗೂ ಮನೋವೈದ್ಯರಿಗೂ ತೋರಿಸಿ.

ಮೂಳೆ ನೋವಿಲ್ಲದಿದ್ದರೂ ವೈದ್ಯರು ನೋಡಿ ಹೇಳುವವರೆಗೆ ಪ್ರಾಕ್ಟೀಸನ್ನು ಒಂದು ಹೊತ್ತಿಗೆ ಇಳಿಸಲು ಕೋಚ್ ಜೊತೆ ನೀವೇ ಮಾತಾಡಿ. ಅವಳಿಂದ ಹೇಳಿಸಬೇಡಿ, ಟೀಮಿನಿಂದ ಬಿಡುತ್ತಾರೆಂಬ ಭಯಕ್ಕೆ ಅವಳು ಹೇಳಲಾರಳು. ಮುಟ್ಟು ನಿಂತಿರುವ ವಿಷಯ ಕೋಚ್‌ಗೆ ತಿಳಿಸಬೇಕೇ ಬೇಡವೇ ಎಂಬುದು ಮಾತ್ರ ಅವಳ ಒಪ್ಪಿಗೆಗೆ ಬಿಟ್ಟದ್ದು. 'ರಕ್ತಪರೀಕ್ಷೆ ಮಾಡಿಸುತ್ತಿದ್ದೇವೆ, ಅಲ್ಲಿಯವರೆಗೆ ಸಂಜೆ ಮಾತ್ರ ಬರುತ್ತಾಳೆ' ಎಂದರೆ ಸಾಕು.

ಮುಂದೆ ಕ್ರೀಡಾಕೂಟಕ್ಕೆ ಹೋಗುವ ದಿನ ಡಬ್ಬಿಯಲ್ಲಿ ಹೊಸದೇನನ್ನೂ ಪ್ರಯೋಗ ಮಾಡಬೇಡಿ. ಓಟಕ್ಕೆ ಮೂರು ಗಂಟೆ ಮುಂಚೆ ಇಡ್ಲಿಯೋ ಮೊಸರನ್ನವೋ, ಹೀಟ್ಸ್ ಮತ್ತು ಫೈನಲ್ ನಡುವೆ ಬಾಳೆಹಣ್ಣು, ಬೆಲ್ಲ, ಗುಟುಕು ಗುಟುಕಾಗಿ ನೀರು. ಕಾಳು, ಕರಿದದ್ದು ಆ ದಿನ ಸಂಜೆಗೆ. ರಕ್ತಪರೀಕ್ಷೆಯ ವರದಿ ಬಂದ ಮೇಲೆ ಅದರ ಸಂಖ್ಯೆಗಳ ಜೊತೆ ಇನ್ನೊಂದು ಪತ್ರ ಬರೆಯಿರಿ.